ಜೈನಬ್ ಎಣಿಸಿದ ಮೊಟ್ಟೆಗಳು

ಚನ್ನಪಟ್ಟಣದ ಬೊಂಬೆ ಕೆಲಸದವರ ಬೀದಿಯಲ್ಲಿ ಅವಳನ್ನು ಬರಿಯ ಜೈನಬ್ ಎಂದು ಕರೆದವರು ಕಡಿಮೆ. ದುರ್ಬೀನಿನ ಜೈನಬ್ ಎಂದರೆ ಮಾತ್ರ ಗುರುತು ಹತ್ತುತ್ತಿತ್ತು. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡುವುದು ಅವಳಿಗೆ ಎಷ್ಟು ಮೈಗೂಡಿತ್ತೆಂದರೆ, ಅಕ್ಕಿಯಲ್ಲಿ ಕಲ್ಲು ಆರಿಸುವಾಗಲೂ, ಮಗಳ ಕಿವಿಯೊಳಗೆ ಇಣುಕುವಾಗಲೂ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಗಂಡ ರಸೂಲ್ ಹೊಸದರಲ್ಲಿ, ನನ್ನನ್ನು ಕಂಡರೆ ಕಣ್ಣು ಹೊಡೆಯುತ್ತಾಳೆ ಎಂದು ಹಿಗ್ಗಿದ್ದನಂತೆ. ಆಮೇಲೆ ಹಾಲಿನವನಿಗೂ ಅದೇ ಕಣ್ಣು ಎಂದು ತಿಳಿದು ಸುಮ್ಮನಾದ.

ಈ ಅಭ್ಯಾಸ ತಂದೆ ವಹಾಬ್ ಸಾಹೇಬರ ಕಾಲದ್ದು. ಅವರು ರೇಷ್ಮೆ ಮೊಟ್ಟೆಯ ಬಿತ್ತನೆ ಮನೆ ಇಟ್ಟುಕೊಂಡಿದ್ದರು. ಸರ್ಕಾರದ ಪರವಾನಗಿ, ಊರವರು ದುರ್ಬೀನು ಎನ್ನುತ್ತಿದ್ದ ಒಂದು ಹಿತ್ತಾಳೆಯ ಸೂಕ್ಷ್ಮದರ್ಶಕ, ಮನೆಯ ಹಿಂದೆ ಒಂದು ಎಕರೆ ಹಿಪ್ಪುನೇರಳೆ ತೋಟ, ಇವೇ ಅವರ ಆಸ್ತಿ. ತಾಯಿ ಚಿಟ್ಟೆ ಕಾಗದದ ಮೇಲೆ ಮೊಟ್ಟೆ ಇಟ್ಟಾದ ಮೇಲೆ ಆ ಚಿಟ್ಟೆಯನ್ನೇ ಪುಟ್ಟ ಕಲ್ಲಿನ ಬಟ್ಟಲಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಬೇಕು. ಹೊಳೆಯುವ ಅಕ್ಕಿನುಚ್ಚಿನಂಥ ಕಣ ಕಂಡರೆ ಅದು ಗಂಟು ರೋಗ. ಒಂದೇ ಒಂದು ಕಣ ಕಂಡರೂ ಸಾಕು, ಆ ಚಿಟ್ಟೆಯ ಮೊಟ್ಟೆ ಹಾಳೆಗೆ ಕೆಂಪು ಪೆನ್ಸಿಲಿನಲ್ಲಿ ಅಡ್ಡಗೀಟು, ಸಂಜೆಗೆ ಬೆಂಕಿ. ತಾಯಿಯ ರೋಗ ಮೊಟ್ಟೆಗೆ ಇಳಿಯುತ್ತದೆ, ಮೊಟ್ಟೆಯಿಂದ ಹುಳಕ್ಕೆ, ಹುಳದಿಂದ ಊರಿಗೆ. ಹನ್ನೆರಡು ವರ್ಷದ ಹುಡುಗಿ ಜೈನಬ್‌ಗೆ ತಂದೆ ಕಲಿಸಿದ ಪಾಠ ಇಷ್ಟೇ. ಅವಳ ಕಣ್ಣು ತಪ್ಪುವುದಿಲ್ಲ ಎಂದು ಕನಕಪುರದ ಕಡೆಯ ಸಾಕಣೆದಾರರೂ ಬಂದು ಹಾಳೆ ಕೊಳ್ಳುತ್ತಿದ್ದರು.

ವಹಾಬ್ ಸಾಹೇಬರು ತೀರಿಕೊಂಡ ಮೇಲೆ ಬಿತ್ತನೆ ಮನೆ ನಿಂತಿತು. ಮನೆ ಮತ್ತು ತೋಟ ಜೈನಬ್‌ಗೆ ಉಳಿದವು. ರಸೂಲ್ ತನ್ನ ಚರಕಿ ಯಂತ್ರವನ್ನು ಅದೇ ಮನೆಯ ಮುಂದಿನ ಕೋಣೆಗೆ ತಂದು, ಹಾಲೆಮರವನ್ನು ಕಡೆದು ಅರಗಿನ ಬಣ್ಣ ಏರಿಸಿ ಬೊಂಬೆ ಮಾಡತೊಡಗಿದ. ತೋಟವನ್ನು ಹೊಂಗನೂರಿನ ದಾಸಪ್ಪ, ಬೋರಮ್ಮ ಗಂಡ ಹೆಂಡಿರು ನೋಡಿಕೊಳ್ಳುತ್ತಿದ್ದರು. ಮಗಳು ಮುನ್ನೀ ಹುಟ್ಟಿ ನಡೆಯಲು ಕಲಿತ ದಿನದಿಂದ ಬೋರಮ್ಮನ ಸೆರಗು ಹಿಡಿದೇ ತೋಟದಲ್ಲಿ ಬೆಳೆದಳು. ಅವಳ ಬಾಯಿಗೆ ಮನೆಯ ಉರ್ದುವಿಗಿಂತ ಮೊದಲು ಬೋರಮ್ಮನ ಹೊಂಗನೂರು ಕನ್ನಡ ಬಂತು. ಅತ್ತೆ ಗುಲ್ಜಾರ್ ಬೀಗೆ ಇದೊಂದು ಕೊರಗು. ಮೊಮ್ಮಗಳು ತನ್ನನ್ನು ದಾದೀ ಎನ್ನುವ ಬದಲು ‘ಅಜ್ಜವ್ವ’ ಎಂದು ಕೂಗುವುದನ್ನು ಅವಳು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಸಾವಿರದ ಒಂಬೈನೂರ ಮೂವತ್ತೊಂದನೆಯ ಇಸವಿಯಲ್ಲಿ ಮಹಾರಾಜರ ಸರ್ಕಾರ ಕೊಕ್ಕೆಹುಳದ ರೋಗಕ್ಕೆಂದು ಊರಿನಲ್ಲಿ ಒಂದು ಸಣ್ಣ ಕಚೇರಿ ತೆರೆಯಿತು. ಕೊಕ್ಕೆಹುಳ ಕರುಳಿಗೆ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತದೆ, ಮನುಷ್ಯ ಬಿಳಿಚಿ ಊದಿ ಕೆಲಸಕ್ಕೆ ಬಾರದವನಾಗುತ್ತಾನೆ ಎಂದು ಡಾಕ್ಟರ್ ಗಂಗಹನುಮಯ್ಯ ಸಂತೆಯಲ್ಲಿ ಬಣ್ಣದ ಚಿತ್ರ ತೋರಿಸಿ ಹೇಳಿದರು. ಔಷಧಿಗೆ ಮೊದಲು ಒಮ್ಮೆ, ಎರಡು ವಾರದ ಮೇಲೆ ಮತ್ತೊಮ್ಮೆ ಮಲ ಪರೀಕ್ಷೆ ಆಗಬೇಕು. ಗಂಡಸರು ನಗಾಡುತ್ತಲೇ ತಂದುಕೊಟ್ಟರು. ಹೆಂಗಸರು ಒಬ್ಬರೂ ಬರಲಿಲ್ಲ. ಪರಗಂಡಸಿನ ಕೈಗೆ ಅದನ್ನು ಕೊಡುವುದುಂಟೇ? ಆಗ ಯಾರೋ ದುರ್ಬೀನಿನ ಜೈನಬ್‌ಳ ಹೆಸರು ಹೇಳಿದರು, ಡಾಕ್ಟರು ಅವಳನ್ನು ಪರೀಕ್ಷೆಯ ಕೆಲಸಕ್ಕೆ ಕರೆಸಿಕೊಂಡರು.

ಗುಲ್ಜಾರ್ ಬೀ ಎರಡು ದಿನ ಊಟ ಬಿಟ್ಟಳು. ಚಿಟ್ಟೆ ಅರೆಯುವುದನ್ನು ಹೇಗೋ ಸಹಿಸಿಕೊಂಡಿದ್ದೆ, ಇದನ್ನು ಹೇಗೆ ಸಹಿಸಲಿ ಎಂಬುದು ಅವಳ ಪ್ರಶ್ನೆ. ರಸೂಲ್ ಮಾತ್ರ ಬೇಡವೆನ್ನಲಿಲ್ಲ. ತಗಡಿನ ಡಬ್ಬಿಗಳು ಬೆಂಗಳೂರಿನಿಂದ ಬರುವುದು ತಡವಾದಾಗ ಮುಚ್ಚಳದ ಮರದ ಡಬ್ಬಿಗಳನ್ನು ಅವನೇ ಕಡೆದುಕೊಟ್ಟ. ಔಷಧಿಗೆ ಮೊದಲಿನದಕ್ಕೆ ಕೆಂಪು, ಅನಂತರದ್ದಕ್ಕೆ ಹಸಿರು.

“ನಮ್ಮ ಅಪ್ಪ ಬುಗುರಿ ಮಾಡಿದರು, ನಾನು ಗಿಲಕಿ ಮಾಡಿದೆ. ಇದಕ್ಕೂ ಡಬ್ಬಿ ಮಾಡೋ ಭಾಗ್ಯ ಯಾರಿಗುಂಟು ಹೇಳು” ಎಂದು ಹೆಂಡತಿಯನ್ನು ರೇಗಿಸಿದ.

ಮೊದಲ ಕಂತಿನಲ್ಲಿ ಹಂಚಿದ ನಲವತ್ತು ಡಬ್ಬಿಗಳಲ್ಲಿ ಹದಿನಾರು ಮಾತ್ರ ಹಿಂದಿರುಗಿದವು. ಉಳಿದವು ಎಲ್ಲಿ ಹೋದವೆಂದು ಜೈನಬ್ ಮನೆ ಮನೆ ಸುತ್ತಿದಾಗ, ಅವು ಒಳ್ಳೆಯ ಅರಗಿನ ಹೊಳಪಿನವಾದ್ದರಿಂದ ಹೆಂಗಸರು ಕುಂಕುಮ ತುಂಬಿಸಿ ದೇವರ ಗೂಡಿನಲ್ಲಿ ಇಟ್ಟುಕೊಂಡಿರುವುದು ತಿಳಿಯಿತು. ಎರಡನೆಯ ಕಂತನ್ನು ರಸೂಲ್ ಮನಸ್ಸಿಲ್ಲದ ಮನಸ್ಸಿನಿಂದ ಬಣ್ಣ ಹಾಕದೆ ಒರಟಾಗಿ ಮಾಡಿಕೊಟ್ಟ. ಯಾವುದು ಮೊದಲಿನದು, ಯಾವುದು ಅನಂತರದ್ದು ಎಂಬುದನ್ನು ಚೀಟಿ ಅಂಟಿಸಿ ತಿಳಿಯಬೇಕಾಯಿತು.

ಹಾಗೆ ಬಂದ ಹೆಂಗಸರಲ್ಲಿ ಮೊದಲಿಗಳು ಬೋರಮ್ಮ. ಮೂವತ್ತು ವರ್ಷಕ್ಕೇ ಮುಖ ಸುಣ್ಣ ಬಳಿದಂತಾಗಿತ್ತು. ಒಂದು ಮೊರ ಸೊಪ್ಪು ಎತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಗುಳಿಗೆ ಕೊಟ್ಟರು, ಉಪ್ಪಿನ ಜುಲಾಬು ಕೊಟ್ಟರು. ಎರಡು ವಾರದ ಮೇಲೆ ಅವಳ ಡಬ್ಬಿ ಬಂತು. ಜೈನಬ್ ನೋಡಿದಳು. ತೆಳ್ಳನೆ ಗಾಜಿನಂಥ ಸಿಪ್ಪೆ, ಒಳಗೆ ನಾಲ್ಕು ತುಂಡಾದ ಹೂರಣ. ಕೊಕ್ಕೆಹುಳದ ಮೊಟ್ಟೆ, ಸಂಶಯವೇ ಇಲ್ಲ. ಕೈ ತಾನಾಗಿ ಕೆಂಪು ಪೆನ್ಸಿಲನ್ನು ಹುಡುಕಿತು. ಬೋರಮ್ಮನ ಚೀಟಿಗೆ ಅಡ್ಡಗೀಟು ಬಿತ್ತು. ಸಂಜೆ ತೋಟಕ್ಕೆ ಹೋಗಿ, ನಿನಗೆ ಹುಳ ಹೋಗಿಲ್ಲ ಎಂದು ಹೇಳಿಯೂ ಬಂದಳು.

ಬೋರಮ್ಮ ಸೊಪ್ಪಿನ ಮೊರ ಕೆಳಗಿಟ್ಟಳು.

“ಆ ಕೆಟ್ಟ ಔಸ್ತಿ ಕುಡ್ದು ಒಂದಿನ ಪೂರಾ ಒದ್ದಾಡ್ಬುಟ್ಟೆ ಕಣವ್ವಾ. ಅದೂ ಸಾಲ್ದೂಂತ ಇನ್ನೂ ಐತೆ ಅಂತೀಯ. ನಾನೇನು ನಿಮ್ಮಪ್ಪನ ಚಿಟ್ಟೆಯಾ, ಗೀಟು ಎಳ್ದು ಒಲೆಗೆ ಹಾಕಕ್ಕೆ? ನನ್ಗೆ ಯಾವ ಔಸ್ತಿನೂ ಬ್ಯಾಡ, ಹಿಂಗೇ ಇರ್ತೀನಿ ಬುಡು.”

ಮಾರನೆಯ ದಿನ ಡಾಕ್ಟರು ಅಡ್ಡಗೀಟು ನೋಡಿ ಕುರ್ಚಿ ಎಳೆದುಕೊಂಡು ಕುಳಿತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಜೈನಬ್‌ಗೆ ಅನ್ನಿಸಿತು.

“ನೋಡಮ್ಮ, ಇದೆಯೋ ಇಲ್ಲವೋ ಅಂತ ನಾನು ಕೇಳಲಿಲ್ಲ. ಎಷ್ಟಿದೆ ಅಂತ ಕೇಳಿದೆ.”

ಎಣಿಸುವ ಕ್ರಮವನ್ನು ಅವರು ಮೊದಲೇ ತೋರಿಸಿದ್ದರು. ಮೂರು ಗ್ರಾಂ ತೂಗಿ, ಕ್ಷಾರದ ನೀರಿನಲ್ಲಿ ಕಲೆಸಿ, ಗಾಜಿನ ಮಣಿಗಳನ್ನು ಹಾಕಿ ಕುಲುಕಿ, ಅದರಿಂದ ಅಳತೆಯ ಒಂದು ಹನಿ ತೆಗೆದು ಗಾಜಿನ ಮೇಲಿಟ್ಟು, ಈ ಅಂಚಿನಿಂದ ಆ ಅಂಚಿನವರೆಗೆ ಸಾಲುಸಾಲಾಗಿ ಎಣಿಸಬೇಕು. ಕಂಡದ್ದನ್ನು ನೂರರಿಂದ ಗುಣಿಸಿದರೆ ಒಂದು ಗ್ರಾಂಗೆ ಎಷ್ಟು ಮೊಟ್ಟೆ ಎಂದು ಸಿಕ್ಕುತ್ತದೆ. ಮೊಟ್ಟೆ ಎಷ್ಟೋ, ಅದಕ್ಕೆ ತಕ್ಕಷ್ಟು ಹುಳ. ಔಷಧಿಗೆ ಮೊದಲು ಬೋರಮ್ಮನದು ಗಾಜಿನ ಮೇಲೆ ಅರವತ್ತೆರಡಿತ್ತು. ಈಗ ಎಣಿಸಿದರೆ ಹನ್ನೊಂದು. ಆರು ಪಾಲಿನಲ್ಲಿ ಐದು ಪಾಲು ಹುಳ ಹೊರಗೆ ಹೋಗಿತ್ತು. ಡಾಕ್ಟರು ತಾವೇ ತೋಟಕ್ಕೆ ಹೋಗಿ ಬೋರಮ್ಮನನ್ನು ಒಪ್ಪಿಸಿದರು. ಎರಡನೆಯ ಸಲ ಔಷಧಿ ಕುಡಿದ ಮೇಲೆ ಅದು ಎರಡಕ್ಕೆ ಇಳಿಯಿತು. ಇಷ್ಟು ಸಾಕು, ರಕ್ತ ತಾನಾಗಿ ತುಂಬಿಕೊಳ್ಳುತ್ತದೆ ಎಂದರು ಅವರು. ಜೈನಬ್ ತಲೆಯಾಡಿಸಿದಳು, ಬರೆದುಕೊಂಡಳು. ಮನಸ್ಸಿನೊಳಗೆ ಮಾತ್ರ ಒಪ್ಪಲಿಲ್ಲ. ಎರಡು ಇದೆಯೆಂದರೆ ಇದೆ ಎಂದೇ ತಾನೇ ಅರ್ಥ ಎಂದುಕೊಂಡಳು.

ಇದಾಗಿ ತಿಂಗಳೊಪ್ಪತ್ತಿನಲ್ಲಿ ಮುನ್ನೀ ಗೋಡೆಯ ಮಣ್ಣು ಕೆರೆದು ತಿನ್ನುವುದು ಕಣ್ಣಿಗೆ ಬಿತ್ತು.

ನಾಲ್ಕು ವರ್ಷದ ಮಗು. ಯಾವಾಗಿನಿಂದ ತಿನ್ನುತ್ತಿತ್ತೋ, ಮಂಚದ ಹಿಂದೆ ಗೋಡೆಯಲ್ಲಿ ಅಂಗೈಯಗಲ ಗುಳಿ ಬಿದ್ದಿತ್ತು. ಈಚೆಗೆ ಓಡುವುದು ಬಿಟ್ಟು ಕೂತಲ್ಲೇ ಕೂರುತ್ತಿದ್ದುದನ್ನು, ಕೈ ತೊಳೆಸುವಾಗ ಉಗುರುಗಳು ಕಾಗದದ ಹಾಗೆ ಬಿಳಿಚಿ ಕಂಡದ್ದನ್ನು ಜೈನಬ್ ನೋಡಿಯೂ ನೋಡಿರಲಿಲ್ಲ. ಊರಿನವರ ಮಕ್ಕಳದ್ದನ್ನೆಲ್ಲ ಗಾಜಿನ ಮೇಲೆ ಹರಡಿಕೊಂಡು ಕೂತಿದ್ದಾಗ ಮನೆಯ ಮಗುವಿನ ಮುಖ ನೋಡಲು ಪುರಸೊತ್ತಾಗಲಿಲ್ಲವೇ ಎಂದು ಅವಳು ತನ್ನನ್ನೇ ಹಳಿದುಕೊಂಡಳು. ಮಾರನೆಯ ಬೆಳಿಗ್ಗೆ ಮಗಳ ಡಬ್ಬಿಯನ್ನು ತಾನೇ ಒಯ್ದು, ತಾನೇ ಎಣಿಸಿದಳು. ಮೂವತ್ತೆಂಟು. ಮತ್ತೆ ಎಣಿಸಿದಳು. ಮೂವತ್ತೆಂಟೇ.

ಡಾಕ್ಟರು ಮಗುವಿನ ಬೆರಳಿನಿಂದ ಒಂದು ಹನಿ ರಕ್ತವನ್ನು ಒತ್ತುಕಾಗದಕ್ಕೆ ತಾಗಿಸಿ, ಅಚ್ಚು ಹಾಕಿದ ಹತ್ತು ಕೆಂಪುಗಳ ಪಟ್ಟಿಯ ಪಕ್ಕದಲ್ಲಿ ಹಿಡಿದರು. ಹತ್ತನೆಯದು ಗಟ್ಟಿಮುಟ್ಟಾದವರ ಕೆಂಪು. ಮುನ್ನೀಯದು ನಾಲ್ಕನೆಯದಕ್ಕೆ ಹೊಂದಿತು. ಹೆದರಬೇಡ, ಎಳೆಯ ಮೈ, ಬೇಗ ಚಿಗುರುತ್ತದೆ ಎಂದು ಹೇಳಿ ಚಿಕ್ಕ ಪ್ರಮಾಣದ ಗುಳಿಗೆ ಕೊಟ್ಟರು, ಕಬ್ಬಿಣದ ಔಷಧಿಯನ್ನೂ ಕೊಟ್ಟರು. ಹಿಂದಿನ ದಿನ ಎಣ್ಣೆ ತುಪ್ಪ ಮುಟ್ಟಿಸಬಾರದು, ಗಂಜಿ ಮಾತ್ರ ಎಂದರು. ಎಲ್ಲವೂ ಸರಿಯಾಗಿಯೇ ನಡೆಯಿತು.

ಆದರೆ ಜೈನಬ್‌ಳ ತಲೆಯಲ್ಲಿ ಬೇರೆಯೇ ಒಂದು ಲೆಕ್ಕ ಓಡುತ್ತಿತ್ತು. ಅವಳು ಬಸುರಾಗಿ ಆಗ ಐದು ತಿಂಗಳು ತುಂಬಿತ್ತು. ಮಗುವಿಗೆ ರೋಗ ಎಲ್ಲಿಂದ ಬರುತ್ತದೆ? ಹದಿನಾಲ್ಕು ವರ್ಷ ಅವಳು ಕಂಡ ಲೋಕದಲ್ಲಿ ಆ ಪ್ರಶ್ನೆಗೆ ಒಂದೇ ಉತ್ತರವಿತ್ತು. ತಾಯಿಯಿಂದ. ಹಾಳೆಯ ಮೇಲೆ ಮೊಟ್ಟೆ ಎಷ್ಟು ದುಂಡಗಿದ್ದರೂ ತಾಯಿ ಚಿಟ್ಟೆ ಕೆಟ್ಟಿದ್ದರೆ ಮುಗಿಯಿತು. ತನ್ನೊಳಗೇ ಹುಳ ಇದೆ, ಅದು ಮುನ್ನೀಗೆ ಇಳಿದಿದೆ, ಹೊಟ್ಟೆಯಲ್ಲಿರುವುದಕ್ಕೂ ಇಳಿಯುತ್ತಿದೆ. ಬಸುರಿಗೆ ಆ ಔಷಧಿ ಕೊಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೊಟ್ಟೆಯಲ್ಲಿರುವುದಕ್ಕೆ ಮಾಡುವುದು ಏನೂ ಇರಲಿಲ್ಲ. ಹೊರಗಿರುವುದನ್ನಾದರೂ ತನ್ನಿಂದ ದೂರ ಇಡಬೇಕು.

ಇದನ್ನು ಅವಳು ಯಾರಿಗೂ ಬಾಯಿ ಬಿಟ್ಟು ಹೇಳಲಿಲ್ಲ. ಮುನ್ನೀಗೆ ಬೇರೆ ತಟ್ಟೆ ಇಟ್ಟಳು. ಬೇರೆ ಚಾಪೆ ಹಾಸಿದಳು. ಮಗು ಕೊರಳಿಗೆ ಬಿದ್ದರೆ ಕೈ ಬಿಡಿಸಿ ಇಳಿಸುತ್ತಿದ್ದಳು. ಹುಷಾರಿಲ್ಲದ ಮಗುವನ್ನು ಹೀಗೆ ತಳ್ಳುವವಳು ಎಂಥ ತಾಯಿ ಎಂದು ಗುಲ್ಜಾರ್ ಬೀ ಕೇಳಿದಳು. ಆ ವಾರವೇ ಮಾಗಡಿಯಿಂದ ನಾದಿನಿ ಮಜೀದಾ ಬಂದಿದ್ದಳು. ಅವಳಿಗೆ ಮಕ್ಕಳಿಲ್ಲ. ಹವಾ ಬದಲಾದರೆ ಒಳ್ಳೆಯದು, ಒಸಿ ದಿನ ಕರೆದುಕೊಂಡು ಹೋಗು ಎಂದು ಜೈನಬ್ ತಾನೇ ಮಗಳ ಬಟ್ಟೆ ಗಂಟು ಕಟ್ಟಿಕೊಟ್ಟಳು. ಮೋಟಾರು ಬಸ್ಸು ಹೊರಡುವಾಗ ಮುನ್ನೀ ಅಳಲಿಲ್ಲ. ಅಳುವಷ್ಟು ಕಸುವೂ ಆ ಮಗುವಿಗೆ ಇರಲಿಲ್ಲ.

ಎರಡು ವಾರಕ್ಕೆ ಸರಿಯಾಗಿ ಮಾಗಡಿಯಿಂದ ಡಬ್ಬಿ ಬಂತು. ಮಜೀದಾ ಅದನ್ನು ಮೂರು ಸುತ್ತು ಬಟ್ಟೆಯಲ್ಲಿ ಕಟ್ಟಿ ಬಸ್ಸಿನವನ ಕೈಯಲ್ಲಿ ಕೊಟ್ಟಿದ್ದಳು. ಚನ್ನಪಟ್ಟಣದ ಅಣ್ಣನಿಗೆ ತಂಗಿ ಕಳಿಸಿದ ಸಿಹಿ ಎಂದುಕೊಂಡ ಬಸ್ಸಿನವನು, ರಾಮನಗರ ದಾಟಿದ ಮೇಲೆ ಗಂಟಿಗೆ ಕೈ ಹಾಕಿ ಎರಡು ಸುತ್ತು ಬಿಚ್ಚಿದ್ದನಂತೆ. ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ತಿಳಿಯಿತೆಂದು ಕಾಣುತ್ತದೆ, ಡಬ್ಬಿಯನ್ನು ಕಡ್ಡಿಯ ತುದಿಯಲ್ಲಿ ನೇತುಹಾಕಿಕೊಂಡು ತಂದುಕೊಟ್ಟ.

ಎಣಿಕೆ ಒಂಬತ್ತಕ್ಕೆ ಇಳಿದಿತ್ತು. ಡಾಕ್ಟರಿಗೆ ಸಂತೋಷವಾಯಿತು. ಇನ್ನೊಂದು ಸಲ ಗುಳಿಗೆ ಕೊಡೋಣ, ಮಗುವನ್ನು ಕರೆತಾ ಎಂದರು. ಮಗು ಮಾಗಡಿಯಲ್ಲಿದೆ ಎಂದಳು ಜೈನಬ್. ಔಷಧಿಯ ನಡುವೆ ಮಗುವನ್ನು ಊರು ಬಿಡಿಸಿದ್ದೇಕೆ ಎಂದು ಅವರು ಕೇಳಿದಾಗ, ಅಷ್ಟು ದಿನ ಬಿಗಿಹಿಡಿದದ್ದು ಒಡೆಯಿತು. ಅವಳು ಮುಸುಕು ಸರಿಮಾಡಿಕೊಳ್ಳುತ್ತ, ಗೋಡೆಯ ಕಡೆ ತಿರುಗಿ ಹೇಳಿದಳು.

“ನನ್ನಿಂದ ಬಂದದ್ದು ಸಾಹೇಬರೇ. ನಾನು ಕೆಟ್ಟ ಚಿಟ್ಟೆ.”

ಗಂಗಹನುಮಯ್ಯನವರು ನಗಬಹುದಾಗಿತ್ತು, ನಗಲಿಲ್ಲ. ಅವರಿಗೂ ಮೂರು ಮಕ್ಕಳು. ಬಾಯಿಮಾತಿನಿಂದ ಇವಳು ನಂಬುವವಳಲ್ಲ, ಕಣ್ಣಿಗೆ ಕಂಡರೆ ಮಾತ್ರ ನಂಬುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಮೊದಲು ಅವಳದ್ದೇ ಪರೀಕ್ಷೆಯಾಗಲಿ ಎಂದರು. ಮೂರು ದಿನ, ಮೂರು ಡಬ್ಬಿ. ಗಾಢ ಉಪ್ಪು ನೀರಿನಲ್ಲಿ ಕಲೆಸಿಟ್ಟರೆ ಮೊಟ್ಟೆ ಇದ್ದಲ್ಲಿ ಮೇಲೆ ತೇಲಿ ಬರುತ್ತದೆ. ಡಾಕ್ಟರೂ ನೋಡಿದರು, ಅವಳೂ ನೋಡಿದಳು. ಒಂದೂ ಇರಲಿಲ್ಲ. ಒಳಗೆ ಕುಳಿತು ಕೆಲಸ ಮಾಡುವವಳು, ಹೊರಗೆ ಹೊರಟರೆ ಕಾಲಿಗೆ ಜೋಡು, ಅವಳಿಗೆ ಹುಳ ಹತ್ತುವ ದಾರಿಯೇ ಇರಲಿಲ್ಲ. ಹಾಗಾದರೆ ಮಗುವಿಗೆ ಎಲ್ಲಿಂದ ಎಂದು ಅವಳು ಕೇಳಿದಳು.

ಅದಕ್ಕೆ ಡಾಕ್ಟರು ಅವಳನ್ನು ಅವಳದೇ ತೋಟಕ್ಕೆ ಕರೆದುಕೊಂಡು ಹೋದರು. ಮುನ್ನೀ ಎಲ್ಲಿ ಆಡುತ್ತಿದ್ದಳು ಎಂದು ಬೋರಮ್ಮನನ್ನು ಕೇಳಿದರು. ಬೋರಮ್ಮ ಬಾವಿಯ ಪಕ್ಕದ ನೆರಳು ತೋರಿಸಿದಳು. ಹಿಪ್ಪುನೇರಳೆ ದಟ್ಟವಾಗಿ ಬೆಳೆದು ಸದಾ ತಂಪಾಗಿರುವ ಮಣ್ಣು. ಆ ಮರೆಯಲ್ಲಿಯೇ ತೋಟದವರೆಲ್ಲ ಹೊರಕಡೆಗೆ ಕೂರುವುದೂ ನಡೆದಿತ್ತು. ಅದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ಒಂದು ಬೊಗಸೆ ಮಣ್ಣನ್ನು ತಂದು, ತೆಳುಬಟ್ಟೆಯಲ್ಲಿ ಕಟ್ಟಿ, ಬುಡಕ್ಕೆ ಬಿರಡೆ ಹಾಕಿದ ಆಲಿಕೆಗೆ ಬೆಚ್ಚನೆಯ ನೀರು ತುಂಬಿ ಅದರಲ್ಲಿ ಮುಳುಗುವಂತೆ ಇಟ್ಟರು. ಬೆಳಿಗ್ಗೆ ಆಲಿಕೆಯ ಬುಡದಿಂದ ತೆಗೆದ ಹನಿಯನ್ನು ಜೈನಬ್ ನೋಡಿದಳು. ಕೂದಲ ತುಣುಕಿನಂಥ ಮರಿಹುಳಗಳು ಬಳುಕುತ್ತಿದ್ದವು. ಎಷ್ಟು ಹೊತ್ತು ನೋಡಿದಳೋ, ಡಾಕ್ಟರು ಎರಡು ಸಲ ಕರೆದ ಮೇಲೆ ತಲೆ ಎತ್ತಿದಳು.

ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತವೆ ಎಂದು ಅವರು ವಿವರಿಸಿದರು. ತಾಯಿಯ ಹೊಟ್ಟೆಯಿಂದಲ್ಲ, ಅಂಗಾಲಿನಿಂದ. ಜೈನಬ್ ಕಣ್ಣೊರೆಸಿಕೊಂಡು ಕೇಳಿದ ಮೊದಲ ಮಾತು ಹೊಟ್ಟೆಯಲ್ಲಿರುವ ಕೂಸಿನದು. ಅದಕ್ಕೇನೂ ಇಲ್ಲ ಎಂದು ಕೇಳಿದ ಮೇಲೆ ಅವಳು ಆ ದಿನ ಎರಡು ಸಲ ಊಟ ಮಾಡಿದಳೆಂದು ಗುಲ್ಜಾರ್ ಬೀ ಆಮೇಲೆ ಹೇಳುತ್ತಿದ್ದಳು.

ದಾಸಪ್ಪ ತೋಟದ ಮೂಲೆಯಲ್ಲಿ ಎಂಟು ಅಡಿ ಗುಂಡಿ ತೋಡಿ, ತಟ್ಟಿ ಕಟ್ಟಿ ಕಕ್ಕಸು ಮಾಡಿದ. ಮೊದಲಿಗೆ ಅದರೊಳಗೆ ಹೋಗಲು ನಾಚಿದವನೂ ಅವನೇ. ಬೋರಮ್ಮನೇ ಗದರಿಸಿ ಕಳಿಸುತ್ತಿದ್ದಳು. ಈಗ ಅವಳಿಗೆ ಗದರಿಸುವಷ್ಟು ಉಸಿರು ಬಂದಿತ್ತು. ರಸೂಲ್ ಎರಡನೆಯ ಗುಳಿಗೆ ತೆಗೆದುಕೊಂಡು ಮಾಗಡಿಗೆ ಹೋಗಿ, ಅಲ್ಲಿಯ ಆಸ್ಪತ್ರೆಯಲ್ಲಿ ಮಗಳಿಗೆ ಕೊಡಿಸಿ ಬಂದ. ಅವಳನ್ನು ಕರೆದುಕೊಂಡೇ ಬರುತ್ತೇನೆಂದು ಅವನು ಹೊರಟಿದ್ದ. ಜೈನಬ್ ಬೇಡವೆಂದಳು. ತನ್ನಿಂದ ಬಂದದ್ದಲ್ಲ ಎಂದು ತಿಳಿದರೂ ಆ ಹಳೆಯ ಕೆಂಪು ಪೆನ್ಸಿಲು ಅವಳೊಳಗಿನಿಂದ ಹೋಗಿರಲಿಲ್ಲ. ಪೂರಾ ಸೊನ್ನೆಯಾಗಲಿ, ಒಂದೂ ಇಲ್ಲವೆಂದಾಗಲಿ, ಆಗ ಕರೆತರೋಣ ಎಂದು ಪಟ್ಟು ಹಿಡಿದಳು. ಸೊನ್ನೆಯೇ ಆಗಬೇಕೆಂದಿಲ್ಲ, ಎರಡಕ್ಕಿಂತ ಹೆಚ್ಚಿಲ್ಲದೆ ರಕ್ತದ ಬಣ್ಣ ಏರುತ್ತಿದ್ದರೆ ಔಷಧಿ ನಿಲ್ಲಿಸಿ, ಆರು ತಿಂಗಳ ಮೇಲೆ ಮತ್ತೆ ನೋಡಿದರೆ ಸಾಕು ಎಂದು ಡಾಕ್ಟರು ಹೇಳಿದ್ದರು. ಅದನ್ನು ಅವಳು ಬೇರೆ ಮಕ್ಕಳ ಚೀಟಿಗಳ ಮೇಲೆ ದಿನವೂ ಬರೆಯುತ್ತಿದ್ದಳು.

ಮೂರನೆಯ ಪರೀಕ್ಷೆಗೆ ಡಬ್ಬಿ ತರಲು ರಸೂಲ್ ತಾನೇ ಹೋದ. ಹೋಗುವಾಗ ಒತ್ತುಕಾಗದವನ್ನೂ ಹತ್ತು ಕೆಂಪುಗಳ ಪಟ್ಟಿಯನ್ನೂ ಒಯ್ದ. ರಕ್ತದ ಹನಿ ಒಣಗಿ ಹೋಗುವ ಮುಂಚೆ ಹೋಲಿಸಿ ನೋಡಬೇಕು, ಆ ಕೆಲಸ ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅರಗಿನ ಕೆಂಪಿನಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವವನು ಅವನು. ಮಾರನೆಯ ದಿನ ಮಧ್ಯಾಹ್ನ ನೇರವಾಗಿ ಕಚೇರಿಗೇ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟ. ಏಳನೆಯ ಕೆಂಪು ಎಂದ. ಆರಕ್ಕೆ ಇಟ್ಟು ನೋಡಿದೆ, ಎಂಟಕ್ಕೆ ಇಟ್ಟು ನೋಡಿದೆ, ಏಳೇ ಎಂದ. ಅಷ್ಟು ಹೇಳಿದವನು ಹೋಗದೆ ನಿಂತ. ಏನೆಂದು ಅವಳು ಕೇಳಿದಳು.

“ಮೊದಲ ಸಲ ಹೋದಾಗ ಅಮ್ಮೀ ಎಲ್ಲಿ, ಅಮ್ಮೀ ಯಾವಾಗ ಬರ್ತಾಳೆ ಅಂತ ಕೇಳಿ ಕೇಳಿ ಸಾಕು ಮಾಡಿದಳು. ಈ ಸಲ ಕೇಳಲೇ ಇಲ್ಲ, ಜೈನೂ. ನಾನೇ ಹೇಳಿದೆ, ಅಮ್ಮೀ ನಿನ್ನ ಕೇಳಿದಳು ಅಂತ. ಹೂಂ ಅಂದು ಆಟಕ್ಕೆ ಹೋದಳು.”

ಜೈನಬ್ ಬಾಗಿಲು ಮುಂದೆ ಮಾಡಿಕೊಂಡು ಕೆಲಸಕ್ಕೆ ಕುಳಿತಳು. ಡಾಕ್ಟರು ಕನಕಪುರದ ಕಡೆ ಹಳ್ಳಿಗಳಿಗೆ ಹೋಗಿದ್ದರು, ಬರಲು ಇನ್ನೂ ಮೂರು ದಿನವಿತ್ತು. ತೂಗಿದಳು, ಕಲೆಸಿದಳು, ಮಣಿ ಹಾಕಿ ಕುಲುಕಿದಳು. ಮೊದಲ ಸಾಲು ಬರಿದಾಗಿತ್ತು. ಎರಡನೆಯದು, ಮೂರನೆಯದು, ಹತ್ತನೆಯದು. ಉಸಿರು ಹಗುರಾಗುತ್ತ ಬಂತು. ಕೊನೆಗೆ ಮೂರು ಸಾಲು ಉಳಿದಿರುವಾಗ, ಗಾಜಿನ ಅಂಚಿನಲ್ಲಿ, ತೆಳ್ಳನೆಯ ಸಿಪ್ಪೆಯ ಒಂದು ಮೊಟ್ಟೆ.

ಅವಳು ಕಣ್ಣು ತೆಗೆದಳು. ಮತ್ತೆ ಇಟ್ಟಳು. ಇತ್ತು. ಎರಡನೆಯ ಹನಿ ಹಾಕಿ ನೋಡಿದಳು, ಏನೂ ಇರಲಿಲ್ಲ. ಮೂರನೆಯದರಲ್ಲಿ ಮತ್ತೆ ಒಂದು.

ಕೈ ಪೆನ್ಸಿಲಿನ ಮೇಲೆ ಹೋಯಿತು. ಇನ್ನೊಂದು ಸಲ ಗುಳಿಗೆ, ಇನ್ನೊಂದು ದಿನದ ಉಪವಾಸ, ವಾಂತಿ, ಇನ್ನೂ ಎರಡು ವಾರ ಮಾಗಡಿಯಲ್ಲಿ. ಆಮೇಲೆ ಮತ್ತೆ ಒಂದು ಕಂಡರೆ? ಎಷ್ಟು ಸಲ? ತಂದೆಯ ಮೇಜಿನ ಮುಂದೆ ಅವಳು ಯಾವ ಚಿಟ್ಟೆಯನ್ನೂ ಎರಡನೆಯ ಸಲ ನೋಡಿರಲಿಲ್ಲ. ನೋಡುವಂತೆಯೂ ಇರಲಿಲ್ಲ, ಅರೆದ ಮೇಲೆ ತಾನೇ ನೋಡುವುದು. ಅಲ್ಲಿ ಮೂವತ್ತೆಂಟು ಎಂಬುದಿಲ್ಲ, ಒಂಬತ್ತು ಎಂಬುದಿಲ್ಲ, ಸುಧಾರಿಸಿಕೊಳ್ಳಲು ಪುರಸೊತ್ತೇ ಇಲ್ಲ. ಇಲ್ಲಿ ಮೇಜಿನ ಮೇಲೆ ಅದೇ ಮಗುವಿನ ಮೂರು ಚೀಟಿಗಳಿದ್ದವು. ಅವುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಳು. ನಾಲ್ಕನೆಯ ಕೆಂಪಿನಿಂದ ಏಳನೆಯದು. ಹೂಂ ಅಂದು ಆಟಕ್ಕೆ ಹೋದಳಂತೆ. ಎರಡು ತಿಂಗಳ ಹಿಂದೆ ಆಟಕ್ಕೆ ಏಳುವ ಶಕ್ತಿಯೂ ಇರಲಿಲ್ಲ ಅವಳಿಗೆ.

ಶಾಯಿಯ ಲೇಖನಿ ತೆಗೆದುಕೊಂಡು, ಚೀಟಿಯ ಮೇಲೆ ಒಂದು ಎಂದು ಬರೆದಳು. ಅದರ ಮುಂದೆ, ಬೇರೆ ಮಕ್ಕಳಿಗೆ ಬರೆಯುತ್ತಿದ್ದಂತೆಯೇ, ಔಷಧಿ ಬೇಡ, ಆರು ತಿಂಗಳಿಗೆ ಮತ್ತೆ ಪರೀಕ್ಷೆ ಎಂದು ಬರೆದಳು. ಹೊರಗೆ ಬಂದಾಗ ರಸೂಲ್ ಮೆಟ್ಟಿಲ ಮೇಲೆ ಕುಳಿತಿದ್ದ. ನಾಳೆ ಮೊದಲ ಬಸ್ಸಿಗೆ ಹೋಗೋಣ ಎಂದಳು. ಎಷ್ಟು ಬಂತು ಎಂದು ಅವನು ಕೇಳಿದ. ಸಾಕಾಗುವಷ್ಟು ಕಡಿಮೆ ಎಂದಳು.

ಏಳು ತಿಂಗಳ ಬಸುರಿ ಆ ದಾರಿಯಲ್ಲಿ ಬಸ್ಸು ಹತ್ತುವುದೇ ಎಂದು ಗುಲ್ಜಾರ್ ಬೀ ರಂಪ ಮಾಡಿದಳು. ಕೊನೆಗೆ ಸೀಟಿಗೆ ಹಾಸಲು ಎರಡು ದಿಂಬು ಕೊಟ್ಟು ಕಳಿಸಿದಳು.

ಮಜೀದಾಳ ಮನೆಯ ಅಂಗಳದಲ್ಲಿ ಮುನ್ನೀ ತೆಂಗಿನ ಗರಿಯೊಂದನ್ನು ಎಳೆದುಕೊಂಡು ಓಡುತ್ತಿದ್ದಳು. ತಾಯಿಯನ್ನು ಕಂಡು ನಿಂತಳು. ಕೆನ್ನೆ ತುಂಬಿಕೊಂಡಿತ್ತು. ಜೈನಬ್ ದಾರಿಯುದ್ದಕ್ಕೂ ಏನೇನೋ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದಳು. ಆದರೆ ಬಾಗಿ ಮಾಡಿದ ಮೊದಲ ಕೆಲಸವೆಂದರೆ, ಎಡಗಣ್ಣು ಮುಚ್ಚಿ, ಮಗಳ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಒಳಗಿನ ಬಣ್ಣ ನೋಡಿದ್ದು. ಮುನ್ನೀ ಕೊಸರಿಕೊಂಡು ಹೋಗಿ ಮಜೀದಾಳ ಹಿಂದೆ ಅವಿತಳು.

ಕರೆದರೂ ಬರಲಿಲ್ಲ. ರಸೂಲ್ ಕರೆದ, ಮಜೀದಾ ಮುಂದಕ್ಕೆ ದೂಡಿದಳು. ಸೆರಗು ಇನ್ನೂ ಬಿಗಿಯಾಯಿತು. ಜೈನಬ್‌ಗೆ ಅಳು ಉಕ್ಕಿ ಬಂತು. ಅಳಲಿಲ್ಲ. ತಾನು ಎರಡು ತಿಂಗಳ ಹಿಂದೆ ಬಿಡಿಸಿ ಇಳಿಸಿದ ಕೈಗಳು ಇವು, ಕರೆದ ಕೂಡಲೇ ಬಂದು ಕೊರಳಿಗೆ ಬೀಳಬೇಕೆಂದರೆ ಹೇಗೆ? ಅವಳು ಹೊಸ್ತಿಲ ಮೇಲೆ ಬೆನ್ನು ತಿರುಗಿಸಿ ಕುಳಿತು ಬೀದಿ ನೋಡತೊಡಗಿದಳು. ಒಳಗೆ ಮಜೀದಾ ಚಹಾ ಮಾಡಿದಳು. ಅಣ್ಣ ತಂಗಿ ಮಳೆಯ ಮಾತು ಆಡಿದರು. ಜೈನಬ್ ತಿರುಗಲಿಲ್ಲ, ಕಣ್ಣು ಹಾಯಿಸಲಿಲ್ಲ, ಪರೀಕ್ಷೆ ಮಾಡಲಿಲ್ಲ. ಅಷ್ಟು ಹೊತ್ತು ಮಗಳನ್ನು ನೋಡದೆ ಕೂರುವುದು ಅವಳು ಮಾಡಿದ ಎಲ್ಲ ಕೆಲಸಗಳಿಗಿಂತ ಕಷ್ಟವಾಗಿತ್ತು.

ಚಹಾ ಆರಿಹೋದ ಮೇಲೆ ಬೆನ್ನಿಗೆ ಏನೋ ಒರಗಿದಂತಾಯಿತು. ಒಂದು ಪುಟ್ಟ ಬೆನ್ನು.

“ನಿನ್ ಹೊಟ್ಟೆ ಯಾಕ್ ಇಷ್ಟು ದಪ್ಪ ಆಗೈತೆ?”

ಪಾಪು ಇದೆ ಎಂದಳು ಜೈನಬ್, ಬೀದಿಯನ್ನೇ ನೋಡುತ್ತ.

“ಅದ್ಕೂ ಹುಳ ಐತಾ?”

ಇಲ್ಲ ಎಂದಳು. ತನಗೆ ಎಷ್ಟಿದೆ ಎಂದು ಮುನ್ನೀ ಕೇಳಿದಳು. ಒಂದೋ ಎರಡೋ, ಅವೂ ಮುದಿಯಾಗಿ ತಾವೇ ಹೋಗುತ್ತವೆ ಎಂದಳು ತಾಯಿ.

ಮಧ್ಯಾಹ್ನದ ಬಸ್ಸಿಗೆ ಹೊರಟರು. ರಸೂಲ್ ದಿಂಬುಗಳನ್ನೂ ಬಟ್ಟೆಯ ಗಂಟನ್ನೂ ಹೊತ್ತು, ಬಸ್ಸು ನಿಲ್ಲಿಸಿಕೊಳ್ಳಲು ಮುಂದೆ ಹೋಗಿದ್ದ. ಬಸ್ಸು ನಿಲ್ಲುವ ಜಾಗಕ್ಕೆ ಏರುದಾರಿ. ಎತ್ತಿಕೊಳ್ಳಲೇ ಎಂದು ಜೈನಬ್ ಕೇಳಿದಳು. ಮುನ್ನೀ ಬೇಡವೆಂದು ತಲೆಯಾಡಿಸಿ, ತಾಯಿಯ ಬೆರಳನ್ನು ಹಿಡಿದು ಮುಂದೆ ಮುಂದೆ ಜಗ್ಗತೊಡಗಿದಳು. ಅರ್ಧ ದಾರಿಗೆ ಜೈನಬ್‌ಗೆ ಏದುಸಿರು ಬಂತು, ನಿಲ್ಲಬೇಕಾಯಿತು. ಮಗು ಬೆರಳು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಓಡಿ, ತಿರುಗಿ ನಿಂತು, ಬೋರಮ್ಮ ಗಂಡನನ್ನು ಗದರಿಸುವ ಹಾಗೆಯೇ ಸೊಂಟಕ್ಕೆ ಕೈಯಿಟ್ಟಿತು.

“ಬಿರ್ನೆ ಬಾ ಅಮ್ಮೀ. ಬಸ್ಸು ಒಂಟೋಯ್ತದೆ.”

ಬಂದೆ, ನೀನು ಮುಂದೆ ನಡಿ ಎಂದಳು ಜೈನಬ್.